ಯೂರಿಯಾ ಗೊಬ್ಬರದ ಹುಟ್ಟು: ನಿಕಲ್ ಲೋಹದ ಮೈಮೇಲೆ ಅನಿಲದ ಅಣುಗಳು ಒಡೆಯುವ ಬಗೆ

ಮುಂಗಾರಿನ ಹದಮಳೆ ಬಿದ್ದು ಪೈರು ಮೇಲೆದ್ದ ದಿನಗಳಲ್ಲಿ ಗ್ರಾಮದ ಯಜಮಾನರನ್ನೂ ದೊಡ್ಡ ಹಿಡುವಳಿದಾರರನ್ನೂ ರೈತರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ಯೂರಿಯಾ ಬಂದಿದೆಯೆ, ಎಷ್ಟು ಚೀಲ ಬಂದಿದೆ? ಬಾರದಿದ್ದಲ್ಲಿ, ಏತಕ್ಕಾಗಿ ಬರಲಿಲ್ಲವೆಂಬ ಪ್ರಶ್ನೆಯೂ ಅವರ ಮುಂದೆಯೇ ಬಂದು ನಿಲ್ಲುತ್ತದೆ. ಸಹಕಾರ ಸಂಘದ ಉಗ್ರಾಣದ ಬಾಗಿಲಿನವರೆಗಿನ ಸಂಗತಿಯನ್ನು ಮಾತ್ರ ಬಲ್ಲವರು ಇದಕ್ಕೆ ತೃಪ್ತಿಕರವಾದ ಉತ್ತರವನ್ನು ಕೊಡಲಾರರು. ಆ ಚೀಲದೊಳಗಿನ ಬಿಳಿಯ ಹರಳು ಮೊದಲು ಎಲ್ಲಿ, ಯಾವುದರಿಂದ, ಎಷ್ಟು ಪ್ರಯಾಸದಿಂದ ಉಂಟಾಯಿತೆಂಬುದನ್ನು ತಿಳಿದವರಿಗೆ ಅದರ ಬೆಲೆಯ ವಿಚಾರವೂ ಅಭಾವದ ವಿಚಾರವೂ ತಾವಾಗಿಯೇ ಸ್ಪಷ್ಟವಾಗುವುವು. ಆದಕಾರಣ ಈ ಸಂಚಿಕೆಯಲ್ಲಿ, ಹೊಲಕ್ಕೆ ಬಹು ದೂರವೆಂದು ತೋರುವ ಒಂದು ವಿಷಯವನ್ನು ವಾಚಕ ಮಹಾಶಯರ ಮುಂದೆ ಇಡುತ್ತಿದ್ದೇವೆ.

ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವಿರುತ್ತದೆ. 45 ಕಿಲೋಗ್ರಾಮಿನ ಒಂದು ಚೀಲದಲ್ಲಿ ಅದು 20 ಕಿಲೋಗ್ರಾಮಿಗೆ ತುಸು ಮೇಲ್ಪಟ್ಟು ಬರುತ್ತದೆ. ಈ ಸಾರಜನಕಕ್ಕೆ ಯಾರಿಗೂ ಬೆಲೆ ತೆರಬೇಕಾಗಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಅದೇ ತುಂಬಿಕೊಂಡಿದೆ. ಬಡವನ ಬೆದ್ದಲಿನ ಮೇಲೂ ಶ್ರೀಮಂತನ ತೋಟದ ಮೇಲೂ ಸಮನಾಗಿ ನಿಂತಿದೆ. ಆದರೆ ಗಾಳಿಯ ಸಾರಜನಕವನ್ನು ಪೈರು ನೇರವಾಗಿ ಉಣ್ಣಲಾರದು. ಅದನ್ನು ಜಲಜನಕದೊಡನೆ ಕೂಡಿಸಿ ಅಮೋನಿಯವನ್ನಾಗಿಯೂ, ಅಮೋನಿಯವನ್ನು ಇಂಗಾಲಾಮ್ಲದೊಡನೆ ಕೂಡಿಸಿ ಯೂರಿಯಾವನ್ನಾಗಿಯೂ ಮಾರ್ಪಡಿಸಬೇಕು. ಒಂದು ಚೀಲ ಯೂರಿಯಾಕ್ಕೆ ಬೇಕಾಗುವ ಜಲಜನಕವು ತೂಕದಲ್ಲಿ ನಾಲ್ಕೂವರೆ ಕಿಲೋಗ್ರಾಮ್ ಮಾತ್ರ. ಹಣವೆಲ್ಲ ಖರ್ಚಾಗುವುದು ಇದಕ್ಕಾಗಿಯೇ. ಜಲಜನಕವು ಪ್ರಪಂಚದಲ್ಲಿ ಬಿಡಿಯಾಗಿ ದೊರೆಯುವುದು ಬಹು ಅಪರೂಪ. ನೀರಿನಲ್ಲಿಯೋ, ನೆಲದೊಳಗಿನ ಅನಿಲದಲ್ಲಿಯೋ, ಎಣ್ಣೆಯಲ್ಲಿಯೋ ಬೇರೆ ವಸ್ತುವಿನೊಡನೆ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ. ಆ ಕಟ್ಟನ್ನು ಬಿಚ್ಚುವ ಕೆಲಸವು ಒಂದು ಲೋಹದ ಹೊರಮೈಯ ಮೇಲೆ ನಡೆಯುತ್ತದೆ.

ಹೈಡ್ರೋಕಾರ್ಬನ್ನುಗಳು

ಇಂಗಾಲ, ಜಲಜನಕ ಇವೆರಡೇ ಮೂಲವಸ್ತುಗಳಿಂದಾದ ಪದಾರ್ಥಗಳಿಗೆ ಹೈಡ್ರೋಕಾರ್ಬನ್ನುಗಳೆಂದು ಹೆಸರು. ಸೀಮೆಎಣ್ಣೆ, ಪೆಟ್ರೋಲು, ಡೀಸೆಲು, ಅಡಿಗೆಯ ಅನಿಲ ಎಲ್ಲವೂ ಈ ಕುಲಕ್ಕೆ ಸೇರಿದವು. ಇವುಗಳಲ್ಲಿ ಅತ್ಯಂತ ಚಿಕ್ಕದು ಮೀಥೇನ್. ಒಂದು ಇಂಗಾಲದ ಪರಮಾಣುವಿನ ಸುತ್ತ ನಾಲ್ಕು ಜಲಜನಕದ ಪರಮಾಣುಗಳು ಸೇರಿದರೆ ಮೀಥೇನಿನ ಒಂದು ಅಣು. ಇದು ನಮ್ಮ ಓದುಗರಿಗೆ ಅಪರಿಚಿತವಾದುದಲ್ಲ. ನೀರು ನಿಂತ ಗದ್ದೆಯ ಕೆಸರನ್ನು ತುಳಿದಾಗ ಗುಳುಗುಳು ಎಂದು ಮೇಲೇಳುವ ಗುಳ್ಳೆಗಳಲ್ಲಿ ಅದೇ ಇರುತ್ತದೆ. ಗೋಬರ್ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಅದೇ. ಕಡಲಿನ ಅಡಿಯಲ್ಲಿಯೂ ಭೂಮಿಯ ಆಳದಲ್ಲಿಯೂ ದೊರೆಯುವ ನೈಸರ್ಗಿಕ ಅನಿಲವು ಬಹುಮಟ್ಟಿಗೆ ಮೀಥೇನೇ ಆಗಿರುತ್ತದೆ.

ಮೀಥೇನ್ ಸುಲಭವಾಗಿ ಉರಿಯುತ್ತದಾದ್ದರಿಂದ ಅದು ದುರ್ಬಲವಾದ ವಸ್ತುವೆಂದು ಭಾವಿಸತಕ್ಕದ್ದಲ್ಲ. ಬೆಂಕಿಯ ಸೋಂಕಿಲ್ಲದೆ ಅದರ ಅಣುವನ್ನು ಒಡೆಯುವುದು ಬಹು ಕಷ್ಟ. ನಾಲ್ಕು ಜಲಜನಕಗಳು ಇಂಗಾಲವನ್ನು ನಾಲ್ಕು ದಿಕ್ಕಿನಿಂದಲೂ ಸಮನಾಗಿ ಮುಚ್ಚಿಕೊಂಡು, ತೆಂಗಿನಕಾಯಿಯ ಸಿಪ್ಪೆ ಕರಟವನ್ನು ಕಾಪಾಡುವಂತೆ ಕಾಪಾಡುತ್ತವೆ. ಬರಿಯ ಶಾಖದಿಂದಲೇ ಒಡೆಯಬೇಕಾದರೆ ಸಾವಿರ ಡಿಗ್ರಿ ಸೆಂಟಿಗ್ರೇಡನ್ನು ದಾಟಿ ಕಾಯಿಸಬೇಕಾಗುತ್ತದೆ. ಅಷ್ಟು ಕಾವಿಗೆ ಕೊಳವೆಗಳು ಬಹುಕಾಲ ತಾಳಲಾರವು. ಸೌದೆಯ ಲೆಕ್ಕವೂ ಕೈಮೀರುತ್ತದೆ.

ಲೋಹದ ಹೊರಮೈಯ ಗುಣ

ಇಲ್ಲಿ ಲೋಹದ ಸಹಾಯವು ಒದಗುತ್ತದೆ. ನಿಕಲ್ ಲೋಹದ ಒಂದು ತುಂಡಿನ ಒಳಭಾಗದಲ್ಲಿ ಪ್ರತಿಯೊಂದು ಪರಮಾಣುವಿಗೂ ಸುತ್ತ ಹನ್ನೆರಡು ನೆರೆಯವರಿರುತ್ತಾರೆ. ಅದರ ಕೈಗಳೆಲ್ಲ ನೆರೆಯವರನ್ನು ಹಿಡಿಯುವುದರಲ್ಲಿಯೇ ತೊಡಗಿರುತ್ತವೆ. ಹೊರಮೈಯ ಮೇಲಿನ ಪರಮಾಣುವಿನ ಸ್ಥಿತಿ ಹಾಗಲ್ಲ. ಮೇಲುಗಡೆ ನೆರೆಯವರೇ ಇಲ್ಲದ್ದರಿಂದ, ಅತ್ಯಂತ ಒತ್ತಾಗಿ ಜೋಡಿಸಿದ ಮೈಯಲ್ಲಿಯೂ ಅದಕ್ಕೆ ಒಂಬತ್ತೇ ಮಂದಿ. ಹಿಡಿಯಲು ಏನೂ ಇಲ್ಲದೆ ಚಾಚಿಕೊಂಡಿರುವ ಕೈಗಳು ಹತ್ತಿರ ಸುಳಿದ ಅನಿಲದ ಅಣುವನ್ನು ತಮ್ಮತ್ತ ಸೆಳೆಯುತ್ತವೆ. ಹೀಗೆ ಒಂದು ಘನವಸ್ತುವಿನ ಹೊರಮೈಗೆ ಮಾತ್ರ ಅನಿಲವೋ ದ್ರವವೋ ಬಂದು ಅಂಟಿಕೊಳ್ಳುವುದಕ್ಕೆ ಅಧಿಶೋಷಣೆಯೆಂದು ಹೆಸರು. ಒಣಮಣ್ಣಿನೊಳಕ್ಕೆ ನೀರು ಇಂಗುವುದು ಹೀರಿಕೆ; ಮಾಗಿಯ ಬೆಳಗಿನಲ್ಲಿ ಎಲೆಯ ಮೇಲೆ ಇಬ್ಬನಿ ಕುಳಿತಿರುವುದು ಅಧಿಶೋಷಣೆಗೆ ಹೋಲಿಕೆಯಾಗುತ್ತದೆ. ಎರೆಮಣ್ಣು ಮರಳುಮಣ್ಣಿಗಿಂತ ಹೆಚ್ಚಾಗಿ ಗೊಬ್ಬರದ ಸತ್ವವನ್ನು ಹಿಡಿದಿಡುವುದೂ ಅದರ ಕಣಗಳ ಅಪಾರವಾದ ಹೊರಮೈಯ ದೆಸೆಯಿಂದಲೇ ಎಂಬುದನ್ನು ಈ ಸಂದರ್ಭದಲ್ಲಿ ಸ್ಮರಿಸಬಹುದು.

ಅಂಟಿಕೊಳ್ಳುವಿಕೆಯಲ್ಲಿ ಎರಡು ಬಗೆಗಳುಂಟು. ಒಂದರಲ್ಲಿ ಅಣುವು ಕೆಡದೆ, ಬದಲಾಗದೆ, ಸಡಿಲವಾಗಿ ಕುಳಿತಿದ್ದು, ತುಸು ಕಾವು ತಗುಲಿದೊಡನೆ ಎದ್ದುಹೋಗುತ್ತದೆ. ಸಂತೆಗೆ ಬಂದವನು ಜಗಲಿಯ ಮೇಲೆ ಕುಳಿತು ಎದ್ದಂತೆ. ಇನ್ನೊಂದರಲ್ಲಿ ಅಣುವಿಗೂ ಲೋಹಕ್ಕೂ ನಿಜವಾದ ರಾಸಾಯನಿಕ ಬಂಧವೇ ಏರ್ಪಡುತ್ತದೆ. ಆಗ ಅಣುವಿನೊಳಗಿನ ಹಳೆಯ ಬಂಧಗಳು ಸಡಿಲವಾಗಿ ಕಡಿದುಹೋಗುವುದೂ ಉಂಟು. ಅಮೆರಿಕಾ ದೇಶದಲ್ಲಿ ವಿದ್ಯುದ್ದೀಪದ ಟಂಗ್‌ಸ್ಟನ್ ತಂತಿಯನ್ನು ಕುರಿತು ಸಂಶೋಧನೆ ನಡೆಸುತ್ತಿದ್ದ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಎಂಬ ವಿದ್ವಾಂಸರು 1916 ರಿಂದ 1918 ರವರೆಗಿನ ಅವಧಿಯಲ್ಲಿ ಈ ವಿಷಯಕ್ಕೆ ಒಂದು ಲೆಕ್ಕವನ್ನು ಕೊಟ್ಟರು. ಹೊರಮೈಯೆಂಬುದು ಚೌಕಾಬಾರದ ಮಣೆಯಂತೆ ಮನೆಮನೆಯಾಗಿದೆ, ಒಂದು ಮನೆಯಲ್ಲಿ ಒಂದೇ ಅಣು ಕೂರಬಹುದು, ಮನೆಗಳೆಲ್ಲ ತುಂಬಿದ ಮೇಲೆ ಹೊಸಬನಿಗೆ ಸ್ಥಳವಿಲ್ಲ ಎಂಬುದೇ ಅದರ ತಿರುಳು. ಇದು ಸರಳವಾಗಿ ಕಂಡರೂ, ಮುಂದೆ ಹೇಳಲಿರುವ ಕೇಡುಗಳೆಲ್ಲ ಈ ಮನೆಗಳಲ್ಲಿ ಬೇಡದವರು ಬಂದು ಕೂರುವುದರಿಂದಲೇ ಉಂಟಾಗುವುವು. ಲ್ಯಾಂಗ್‌ಮ್ಯೂರರಿಗೆ 1932 ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಅವರಿಗಿಂತ ಮೊದಲೇ, 1897 ರಲ್ಲಿ, ಫ್ರಾನ್ಸ್ ದೇಶದ ತುಲೂಸ್ ಪಟ್ಟಣದಲ್ಲಿ ಪಾಲ್ ಸಬಾಟಿಯೇ, ಸೆಂಡೆರೆನ್ಸ್ ಎಂಬ ಇಬ್ಬರು ನಿಕಲಿನ ನಯವಾದ ಪುಡಿಯ ಮೇಲೆ ಎಥಿಲೀನ್ ಎಂಬ ಹೈಡ್ರೋಕಾರ್ಬನ್ ಅನಿಲವನ್ನು ಹಾಯಿಸಿದರು. ಪುಡಿಯ ಮೇಲೆ ಕರಿಯ ಇಂಗಾಲವು ಕುಳಿತಿತು. ಹೊರಬಂದ ಅನಿಲದಲ್ಲಿ ಮೊದಲಿಗಿಂತ ಹೆಚ್ಚು ಜಲಜನಕವುಳ್ಳ ಈಥೇನ್ ಕಂಡುಬಂದಿತು. ಎಂದರೆ, ಕೆಲವು ಅಣುಗಳು ಲೋಹದ ಮೇಲೆ ಒಡೆದು ಜಲಜನಕವನ್ನು ಬಿಟ್ಟುಕೊಟ್ಟವು, ಮತ್ತೆ ಕೆಲವು ಆ ಜಲಜನಕವನ್ನು ಎತ್ತಿಕೊಂಡವು. ಈ ಒಂದು ಪ್ರಯೋಗದಲ್ಲಿ ಇಡೀ ವಿಷಯದ ಗುಣವೂ ದೋಷವೂ ಒಟ್ಟಿಗೆ ತೋರಿದವೆಂದು ಹೇಳಬಹುದು. ಕಡಲೆಕಾಯಿ ಎಣ್ಣೆ ಮೊದಲಾದವುಗಳಿಗೆ ನಿಕಲಿನ ಮೇಲೆ ಜಲಜನಕವನ್ನು ಸೇರಿಸಿ ಗಟ್ಟಿಯಾದ ವನಸ್ಪತಿಯನ್ನು ಮಾಡುವ ಉದ್ಯಮವು ಬೆಳೆದುದು ಈ ಬೇರಿನಿಂದಲೇ. ಸಬಾಟಿಯೇ ಅವರಿಗೆ 1912 ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಅವರ ಹೆಸರಿನಿಂದಲೇ ಇಂದಿಗೂ ಒಂದು ನಿಯಮವು ನಡೆದುಬಂದಿದೆ: ಲೋಹವು ಅಣುವನ್ನು ಹಿಡಿಯಬೇಕು, ಆದರೆ ಬಿಡದಂತೆ ಹಿಡಿಯಬಾರದು. ಚಿನ್ನವು ಮೀಥೇನನ್ನು ಹಿಡಿಯುವುದೇ ಇಲ್ಲ. ಟಂಗ್‌ಸ್ಟನ್ ಹಿಡಿದ ಇಂಗಾಲವನ್ನು ಬಿಡುವುದೇ ಇಲ್ಲ. ರೋಡಿಯಮ್, ರುಥೇನಿಯಮ್ ಎಂಬ ಲೋಹಗಳು ನಿಕಲಿಗಿಂತ ಚೆನ್ನಾಗಿ ಕೆಲಸ ಮಾಡುವುವಾದರೂ ಅವುಗಳ ಬೆಲೆಯನ್ನು ಕೇಳಿದರೆ ಗೊಬ್ಬರದ ಮಾತನ್ನೇ ಬಿಡಬೇಕಾಗುವುದು. ಆದ್ದರಿಂದ ನಿಕಲ್.

ಅಣುವು ಒಡೆಯುವ ಬಗೆ

ನಿಕಲಿನ ಮೇಲೂ ಮೀಥೇನ್ ಸುಲಭವಾಗಿ ಮಣಿಯುವುದಿಲ್ಲ. ಎಥಿಲೀನಿನಂತಹ ಅಣುವು ಲೋಹವನ್ನು ಕಂಡೊಡನೆ ಅಂಟಿಕೊಳ್ಳುತ್ತದೆ. ಬೆಂಜೀನ್ ಚಪ್ಪಟೆಯಾಗಿ ಮಲಗಿಬಿಡುತ್ತದೆ. ಮೀಥೇನಾದರೋ ಬಂದು ಬಡಿದು ಹಿಂದಕ್ಕೆ ಪುಟಿಯುತ್ತದೆ. ಲೋಹದ ಕಾವು ಇನ್ನೂರು ಡಿಗ್ರಿಯ ಆಸುಪಾಸಿನಲ್ಲಿದ್ದಾಗ ಕೋಟಿ ಸಲ ಬಡಿದರೆ ಒಂದು ಸಲ ಒಡೆಯುವುದೂ ಸಂದೇಹ. ಇದಕ್ಕೆ ಕಾರಣವು ಬಹುಕಾಲ ಚರ್ಚೆಯಲ್ಲಿತ್ತು. 1987 ರಲ್ಲಿ ಅಮೆರಿಕಾದ ಮಸ್ಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಸಿಲ್ವಿಯಾ ಸೇಯರ್ ಎಂಬ ವಿದುಷಿಯೂ ಅವರ ಸಂಗಡಿಗರೂ ನಡೆಸಿದ ಒಂದು ಪ್ರಯೋಗವನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಸೊನ್ನೆಗಿಂತ ಇನ್ನೂರಿಪ್ಪತ್ತು ಡಿಗ್ರಿಗೂ ಕೆಳಗೆ ತಣಿಸಿದ ನಿಕಲಿನ ಮೇಲೆ ಅವರು ಮೀಥೇನನ್ನು ಸಡಿಲವಾಗಿ ಕೂರಿಸಿದರು. ಅಂತಹ ಚಳಿಯಲ್ಲಿ ಅದು ಎಷ್ಟು ಹೊತ್ತು ಕುಳಿತರೂ ಒಡೆಯುವಂತಿರಲಿಲ್ಲ. ಅನಂತರ ಆರ್ಗಾನ್ ಎಂಬ, ಯಾವುದರೊಡನೆಯೂ ಕೂಡದ ಅನಿಲದ ಪರಮಾಣುಗಳನ್ನು ವೇಗವಾಗಿ ಅದರ ಮೇಲೆ ಎಸೆದರು. ಕಲ್ಲಿನ ಮೇಲಿಟ್ಟ ಗೇರುಬೀಜವನ್ನು ಗುಂಡಿನಿಂದ ಕುಟ್ಟಿದಂತೆ ಮೀಥೇನ್ ಅಣುಗಳು ಒಡೆದವು. ಆ ಪ್ರಯೋಗಕ್ಕೆ ಅವರೇ ಸುತ್ತಿಗೆಯ ರಸಾಯನವೆಂದು ಹೆಸರಿಟ್ಟರು. ಇದರಿಂದ ಸಿದ್ಧವಾದದ್ದೇನೆಂದರೆ, ಮೀಥೇನ್ ಅಣುವು ಲೋಹಕ್ಕೆ ಅಪ್ಪಳಿಸಿ ತನ್ನ ಆಕಾರವನ್ನು ಕೆಡಿಸಿಕೊಳ್ಳಬೇಕು. ಜಲಜನಕಗಳು ಪಕ್ಕಕ್ಕೆ ಬಾಗಿ, ಒಳಗಿನ ಇಂಗಾಲಕ್ಕೂ ಕೆಳಗಿನ ನಿಕಲಿಗೂ ನಡುವೆ ಎಡೆ ತೆರೆಯಬೇಕು. ಆಗ ಒಂದು ಜಲಜನಕವು ಕಳಚಿಕೊಳ್ಳುತ್ತದೆ.

2003 ರಲ್ಲಿ ಸ್ವಿಟ್ಸರ್ಲೆಂಡಿನ ಲೋಸಾನ್ ಪಟ್ಟಣದ ವಿದ್ವಾಂಸರು ಇನ್ನೂ ಸೂಕ್ಷ್ಮವಾದ ಸಂಗತಿಯೊಂದನ್ನು ತೋರಿಸಿದರು. ಲೇಸರ್ ಕಿರಣದಿಂದ ಮೀಥೇನಿನ ಬಂಧಗಳನ್ನು ಮೀಟಿ ಕಂಪಿಸುವಂತೆ ಮಾಡಿ, ಆ ಅಣುಗಳನ್ನು ನಿಕಲಿನ ಮೇಲೆ ಬಿಟ್ಟರು. ಕೊಟ್ಟ ಶಕ್ತಿಯು ಸರಿಸುಮಾರು ಅಷ್ಟೇ ಆದರೂ, ಅದೆಲ್ಲವೂ ಒಂದೇ ಬಂಧದಲ್ಲಿ ಸೇರಿದ್ದಾಗ, ಎರಡು ಬಂಧಗಳಲ್ಲಿ ಹಂಚಿಹೋಗಿದ್ದಾಗಿಗಿಂತ ಐದು ಪಟ್ಟಿನವರೆಗೂ ಹೆಚ್ಚಾಗಿ ಅಣುಗಳು ಒಡೆದವು. ಶಕ್ತಿಯ ಮೊತ್ತ ಮಾತ್ರವಲ್ಲದೆ ಅದು ಬೀಳುವ ಸ್ಥಳವೂ ಮುಖ್ಯವೆಂದಾಯಿತು. ಗೊಬ್ಬರವನ್ನು ಎಷ್ಟು ಹಾಕಿದೆವೆಂಬುದಕ್ಕಿಂತ ಎಲ್ಲಿ ಹಾಕಿದೆವೆಂಬುದನ್ನು ನೋಡಬೇಕೆಂದು ನಮ್ಮ ಇಲಾಖೆಯವರು ಹೇಳುವುದುಂಟು. ಅಣುವಿನ ಲೋಕದಲ್ಲಿಯೂ ಅದೇ ನ್ಯಾಯವಿರುವುದು ವಿನೋದವಾಗಿದೆ.

ಮೊದಲನೆಯ ಜಲಜನಕವು ಕಳಚಿದ ಮೇಲೆ ಉಳಿದವು ಒಂದಾದ ಮೇಲೊಂದು ಬೇಗನೆ ಕಳಚುತ್ತವೆ. ಹಾಗೆ ಬಿಡುಗಡೆಯಾದ ಜಲಜನಕದ ಪರಮಾಣುಗಳು ನಿಕಲಿನ ಮೇಲೆ ಓಡಾಡುತ್ತ, ಎರಡೆರಡಾಗಿ ಕೂಡಿ ಅನಿಲವಾಗಿ ಮೇಲೇಳುತ್ತವೆ. ಕೊನೆಗೆ ಬೋಳಾದ ಇಂಗಾಲವೊಂದು ಉಳಿಯುತ್ತದೆ. ಅದನ್ನು ಅಲ್ಲಿಂದ ಎಬ್ಬಿಸುವುದಕ್ಕಾಗಿಯೇ ಮೀಥೇನಿನ ಜೊತೆಗೆ ನೀರಾವಿಯನ್ನೂ ಹಾಯಿಸುತ್ತಾರೆ. ನೀರಿನ ಅಣುವೂ ಅದೇ ಲೋಹದ ಮೇಲೆ ಒಡೆದು, ತನ್ನ ಜಲಜನಕವನ್ನು ಬಿಟ್ಟುಕೊಟ್ಟು, ಆಮ್ಲಜನಕವನ್ನು ಇಂಗಾಲಕ್ಕೆ ಸೇರಿಸಿ ಹೊರಗೆ ಕರೆದೊಯ್ಯುತ್ತದೆ. ಕಡೆಯ ಲೆಕ್ಕದಲ್ಲಿ ನಮಗೆ ದೊರೆಯುವ ಜಲಜನಕದ ಅರ್ಧಭಾಗವು ಅನಿಲದಿಂದಲೂ ಇನ್ನರ್ಧವು ನೀರಿನಿಂದಲೂ ಬಂದುದಾಗಿರುತ್ತದೆ. ಹೊರಗೆ ಹೋದ ಇಂಗಾಲವೂ ವ್ಯರ್ಥವಾಗುವುದಿಲ್ಲ. ಇಂಗಾಲಾಮ್ಲವಾಗಿ ಮಾರ್ಪಟ್ಟು ಯೂರಿಯಾದೊಳಕ್ಕೆ ಸೇರುತ್ತದೆ.

ಕಾರ್ಖಾನೆಯಲ್ಲಿ ಇದು ನಡೆಯುವುದು ದೊಡ್ಡ ಕುಲುಮೆಯೊಳಗೆ ಸಾಲಾಗಿ ತೂಗುಹಾಕಿದ ಕೊಳವೆಗಳಲ್ಲಿ. ಒಂದೊಂದು ಕೊಳವೆಯೂ ಸುಮಾರು ಅಡಿಕೆಮರದಷ್ಟು ಎತ್ತರವಿದ್ದು, ಗೇಣಿನ ಅರ್ಧದಷ್ಟು ಒಳಗಲ ಉಳ್ಳದ್ದಾಗಿರುತ್ತದೆ. ಅದರೊಳಗೆ ಪಿಂಗಾಣಿಯಂತಹ ಉರುಟು ಬಿಲ್ಲೆಗಳನ್ನು ತುಂಬಿರುತ್ತಾರೆ. ನಿಕಲ್ ಇರುವುದು ಆ ಬಿಲ್ಲೆಗಳ ರಂಧ್ರಗಳಲ್ಲಿ, ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದ ಗಾತ್ರದ ಕಣಗಳಾಗಿ. ಒಂದೇ ಗಟ್ಟಿಯಾಗಿಟ್ಟರೆ ಒಳಗಿನ ಲೋಹವೆಲ್ಲ ನಿರುಪಯೋಗ; ಕಣವಾಗಿಸಿದರೆ ಹೊರಮೈಯು ಅಪಾರವಾಗಿ ಹೆಚ್ಚುತ್ತದೆ. ಕೊಳವೆಯ ಒಳಗಿನ ಕಾವು 700 ರಿಂದ 850 ಡಿಗ್ರಿಯವರೆಗೂ, ಒತ್ತಡವು ವಾಯುಮಂಡಲದ ಸುಮಾರು ಮೂವತ್ತು ಪಟ್ಟಿನವರೆಗೂ ಇರುತ್ತದೆ.

ಹೊರಮೈಗೆ ತಗಲುವ ರೋಗಗಳು

ನಿಕಲಿನ ಹೊರಮೈಯನ್ನು ಒಂದು ಜಮೀನೆಂದು ಭಾವಿಸಿದರೆ ಅದಕ್ಕೆ ಎರಡು ದೊಡ್ಡ ಶತ್ರುಗಳುಂಟು.

ಮೊದಲನೆಯದು ಇಂಗಾಲವೇ. ನೀರಾವಿಯ ಆಮ್ಲಜನಕವು ಬಂದು ಸೇರುವುದಕ್ಕೆ ಮುಂಚೆ ಒಂದು ಇಂಗಾಲದ ಪರಮಾಣು ಇನ್ನೊಂದನ್ನು ಸಂಧಿಸಿದರೆ ಅವೆರಡೂ ಕೈಹಿಡಿಯುತ್ತವೆ. ಮೂರನೆಯದು ಬಂದು ಸೇರುತ್ತದೆ. ಹೀಗೆಯೇ ಬೆಳೆದು ಹಾಳೆಯಂತೆ ಹಬ್ಬಿ ನಿಕಲನ್ನು ಮುಚ್ಚಿಬಿಡುತ್ತದೆ. ಇದಕ್ಕಿಂತಲೂ ವಿಚಿತ್ರವಾದ ಮತ್ತೊಂದು ಬಗೆಯುಂಟು. ಇಂಗಾಲವು ನಿಕಲ್ ಕಣದೊಳಕ್ಕೆ ಇಳಿದು, ಅದರ ಬೆನ್ನಿನ ಕಡೆಯಿಂದ ನಾರಿನಂತೆ ಹೊರಡುತ್ತದೆ. ಆ ನಾರು ಬೆಳೆದಂತೆಲ್ಲ ನಿಕಲ್ ಕಣವು ತೆನೆಯಂತೆ ಅದರ ತುದಿಯಲ್ಲಿ ಮೇಲಕ್ಕೇರುತ್ತದೆ. ಅಂತಹ ಅಸಂಖ್ಯಾತ ನಾರುಗಳು ಬಿಲ್ಲೆಯೊಳಗೆ ತುಂಬಿದಾಗ, ಗೋಡೆಯ ಸಂದಿನಲ್ಲಿ ಹುಟ್ಟಿದ ಅರಳಿಯ ಸಸಿ ಗೋಡೆಯನ್ನು ಸೀಳುವಂತೆ, ಬಿಲ್ಲೆಯು ಸೀಳಿ ಪುಡಿಯಾಗುತ್ತದೆ. ಪುಡಿಯು ಕೊಳವೆಯನ್ನು ಕಟ್ಟುತ್ತದೆ. ಅನಿಲವು ಹರಿಯದ ಕೊಳವೆಯು ಕುಲುಮೆಯ ಕಾವಿಗೆ ಕೆಂಪಗೆ ಕಾದು ಬಾಗಿ ಒಡೆಯುವ ಸಂಭವವಿರುತ್ತದೆ. ಆಗ ಕಾರ್ಖಾನೆಯನ್ನು ನಿಲ್ಲಿಸದೆ ಗತ್ಯಂತರವಿಲ್ಲ. ನಿಂತ ಒಂದೊಂದು ದಿನವೂ ಸಾವಿರಾರು ಚೀಲಗಳ ನಷ್ಟ.

ಇಂಗಾಲವು ಎಲ್ಲಿ ಮೊದಲು ಬೇರೂರುತ್ತದೆಂಬುದನ್ನು ಹುಡುಕಿದ ವಿದ್ವಾಂಸರಿಗೆ ಕಂಡದ್ದು ಹೀಗೆ. ಲೋಹದ ಮೈಯು ಕನ್ನಡಿಯಂತೆ ಸಮತಟ್ಟಾಗಿರುವುದಿಲ್ಲ. ಮಲೆನಾಡಿನ ಇಳಿಜಾರಿನಲ್ಲಿ ಮಾಡಿದ ಮೆಟ್ಟಿಲುಗದ್ದೆಗಳಂತೆ, ಅಲ್ಲಲ್ಲಿ ಒಂದು ಪರಮಾಣುವಿನ ಎತ್ತರದ ಬದುಗಳಿರುತ್ತವೆ. ಬದುವಿನ ಅಂಚಿನಲ್ಲಿರುವ ಪರಮಾಣುವಿಗೆ ನೆರೆಯವರು ಏಳೇ ಮಂದಿ. ಅದರ ಹಿಡಿತವು ಇನ್ನೂ ಬಲವಾದದ್ದು. ಮೀಥೇನ್ ಬೇಗ ಒಡೆಯುವುದೂ ಅಲ್ಲಿಯೇ, ಇಂಗಾಲವು ಮೊದಲು ಗುಂಪುಕಟ್ಟುವುದೂ ಅಲ್ಲಿಯೇ. 1998 ರಲ್ಲಿ ಡೆನ್ಮಾರ್ಕ್ ದೇಶದವರು ನಿಕಲಿನ ಮೇಲ್ಪದರದಲ್ಲಿ ಅಲ್ಪಪ್ರಮಾಣದ ಚಿನ್ನವನ್ನು ಬೆರೆಸಿ ನೋಡಿದರು. ಚಿನ್ನದ ಪಕ್ಕದಲ್ಲಿರುವ ನಿಕಲಿನ ಹಿಡಿತವು ತುಸು ಸಡಿಲವಾಗಿ, ಇಂಗಾಲವು ಕೂಡಿಕೊಳ್ಳುವುದು ಬಹಳ ಮಟ್ಟಿಗೆ ತಗ್ಗಿತು. ಜಲಜನಕ ತೆಗೆಯುವ ಕೆಲಸವು ಸ್ವಲ್ಪ ನಿಧಾನವಾದರೂ ನಡೆಯಿತು. ಚೆನ್ನಾಗಿ ಯೋಚಿಸಿ ಮಾಡಿದ ಈ ಕೆಲಸವನ್ನು ಮೆಚ್ಚಬೇಕಾದದ್ದೇ. ದೊಡ್ಡ ಕಾರ್ಖಾನೆಗಳಿಗಾದರೋ ಅದಕ್ಕಿಂತ ಅಗ್ಗವಾದ ಉಪಾಯವು ಮೊದಲೇ ದೊರೆತಿತ್ತು.

ಆ ಉಪಾಯವು ನಮ್ಮ ರೈತರು ಬಲ್ಲ ಪೊಟ್ಯಾಷ್. ಇದರ ಅಗತ್ಯವು ಮೀಥೇನಿಗಿಂತ ನ್ಯಾಫ್ತಾದಲ್ಲಿ ಹೆಚ್ಚಾಗಿ ತೋರಿತು. ನ್ಯಾಫ್ತಾ ಎಂಬುದು ಕಚ್ಚಾ ಎಣ್ಣೆಯನ್ನು ಶುದ್ಧಿಮಾಡುವಾಗ ದೊರೆಯುವ ಹಗುರವಾದ ದ್ರವ. ಅದರ ಅಣುವಿನಲ್ಲಿ ಐದರಿಂದ ಹತ್ತರವರೆಗೆ ಇಂಗಾಲಗಳು ಸರಪಣಿಯಂತೆಯೋ ಬಳೆಯಂತೆಯೋ ಕೂಡಿರುತ್ತವೆ. ಅಣು ಉದ್ದವಾದಷ್ಟೂ ಲೋಹಕ್ಕೆ ಹೆಚ್ಚು ಕಡೆಗಳಲ್ಲಿ ತಾಗಿ ಸುಲಭವಾಗಿ ಅಂಟುತ್ತದೆ, ಮೀಥೇನಿಗಿಂತ ಬೇಗ ಒಡೆಯುತ್ತದೆ, ಒಡೆದಾಗ ಹೆಚ್ಚು ಇಂಗಾಲವನ್ನು ಒಂದೇ ಕಡೆ ಸುರಿಯುತ್ತದೆ. 1960 ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಸಂಸ್ಥೆಯವರು ನಿಕಲ್ ಬಿಲ್ಲೆಗಳಲ್ಲಿ ಪೊಟ್ಯಾಷನ್ನು ಬೆರೆಸಿ ಈ ತೊಂದರೆಯನ್ನು ನೀಗಿದರು. ಪೊಟ್ಯಾಷ್ ನೀರಾವಿಯನ್ನು ತನ್ನತ್ತ ಸೆಳೆದು ಇಂಗಾಲವು ಬೇಗನೆ ತೊಳೆದುಹೋಗುವಂತೆ ಮಾಡುತ್ತದೆ. ನ್ಯಾಫ್ತಾದಿಂದ ಗೊಬ್ಬರ ಮಾಡುವುದು ಆ ಬಳಿಕ ಹಲವು ದೇಶಗಳಲ್ಲಿ ಸಾಧ್ಯವಾಯಿತು. ಇದರೊಡನೆ, ಒಂದು ಇಂಗಾಲಕ್ಕೆ ಮೂರು ಅಥವಾ ಅದಕ್ಕೂ ಹೆಚ್ಚು ನೀರಿನ ಅಣುಗಳು ಬರುವಷ್ಟು ನೀರಾವಿಯನ್ನೂ ಹಾಯಿಸುವುದು ವಾಡಿಕೆ. ಹೆಚ್ಚಿನ ನೀರಾವಿಯೆಂದರೆ ಹೆಚ್ಚಿನ ಸೌದೆಯೆಂದೇ ಅರ್ಥ.

ಎರಡನೆಯ ಶತ್ರುವು ಗಂಧಕ. ಇದು ನಿಕಲನ್ನು ಹಿಡಿಯಿತೆಂದರೆ ಬಿಡುವುದಿಲ್ಲ. ಲ್ಯಾಂಗ್‌ಮ್ಯೂರರ ಮಣೆಯ ಮನೆಗಳಲ್ಲಿ ಬಾಡಿಗೆ ಕೊಡದೆ ಶಾಶ್ವತವಾಗಿ ನೆಲೆಸಿಬಿಡುತ್ತದೆ. ಅನಿಲದಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲಿನಷ್ಟು ಗಂಧಕವಿದ್ದರೂ ದಿನಗಳೆದಂತೆ ಬಿಲ್ಲೆಗಳು ನಿಷ್ಪ್ರಯೋಜಕವಾಗುವುವು. ಆದ್ದರಿಂದ ಅನಿಲವನ್ನೋ ನ್ಯಾಫ್ತಾವನ್ನೋ ಕುಲುಮೆಗೆ ಬಿಡುವ ಮುಂಚೆ ಸತುವಿನ ಭಸ್ಮದ ಹಾಸಿನ ಮೂಲಕ ಹಾಯಿಸಿ ಗಂಧಕವನ್ನು ಕಳೆಯುತ್ತಾರೆ. ಕಡಲೆಕಾಯಿಯ ಬೆಳೆಗೆ ಹಿತಕರವಾದ ಗಂಧಕವು ನಿಕಲಿಗೆ ವಿಷವಾಗಿರುವುದು ಗಮನಾರ್ಹ.

ಹೀಗೆ ಪಡೆದ ಜಲಜನಕವು ಗಾಳಿಯ ಸಾರಜನಕದೊಡನೆ ಕೂಡುವುದು ಮತ್ತೊಂದು ಲೋಹದ ಮೇಲೆ. ಅದು ಕಬ್ಬಿಣ. ಫ್ರಿಟ್ಸ್ ಹಾಬರ್ ಎಂಬವರು ಜರ್ಮನಿಯಲ್ಲಿ 1909 ರಲ್ಲಿ ತೋರಿಸಿದ ಈ ವಿಧಾನವನ್ನು ಕಾರ್ಲ್ ಬಾಷ್ ಎಂಬವರು 1913 ರಲ್ಲಿ ಓಪ್ಪೌ ಎಂಬಲ್ಲಿ ಕಾರ್ಖಾನೆಯ ಮಟ್ಟಕ್ಕೆ ತಂದರು. ಸಾರಜನಕದ ಅಣುವು ಕಬ್ಬಿಣದ ಹೊರಮೈಯಲ್ಲಿ ಹೇಗೆ ಎರಡಾಗಿ ಒಡೆಯುತ್ತದೆಂಬುದನ್ನು ವಿವರಿಸಿದ ಗೆರ್‌ಹಾರ್ಡ್ ಎರ್ಟ್ಲ್ ಅವರಿಗೆ 2007 ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು.

ನಮ್ಮ ಸೀಮೆಗೆ ಸಂಬಂಧಿಸಿದ ಸಂಗತಿ

ಅಮೋನಿಯ ಗೊಬ್ಬರದ ಉದ್ಯಮವು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಬಳಿಯ ಬೆಳಗೊಳದಲ್ಲಿ 1930 ರ ದಶಕದ ಕಡೆಯಲ್ಲಿಯೇ ಇದಕ್ಕಾಗಿ ಕಾರ್ಖಾನೆಯು ಏರ್ಪಟ್ಟಿತ್ತು. ಯೂರಿಯಾವನ್ನು ಮಾಡುವ ಮಂಗಳೂರಿನ ಪಣಂಬೂರು ಕಾರ್ಖಾನೆಯು 1976 ರಲ್ಲಿ ಉತ್ಪಾದನೆಯನ್ನು ಆರಂಭಿಸಿ, ನಾಲ್ಕು ದಶಕಗಳಿಗೂ ಹೆಚ್ಚು ಕಾಲ ನ್ಯಾಫ್ತಾವನ್ನೇ ಅವಲಂಬಿಸಿತ್ತು. ಕೊಚ್ಚಿಯಿಂದ ಮಂಗಳೂರಿಗೆ ಸುಮಾರು 450 ಕಿಲೋಮೀಟರು ಉದ್ದದ ಅನಿಲದ ಕೊಳವೆಯ ಮಾರ್ಗವು 2021 ರ ಜನವರಿ 5 ರಂದು ಉದ್ಘಾಟನೆಯಾಯಿತು. ನ್ಯಾಫ್ತಾದ ಸ್ಥಾನಕ್ಕೆ ನೈಸರ್ಗಿಕ ಅನಿಲವು ಬಂದಿತು. ಮೇಲೆ ವಿವರಿಸಿದ್ದನ್ನು ಓದಿದವರಿಗೆ ಈ ಬದಲಾವಣೆಯ ಲಾಭವು ತಿಳಿಯದೆ ಇರದು. ಚಿಕ್ಕ ಅಣು, ಕಡಿಮೆ ಇಂಗಾಲ, ಹೆಚ್ಚು ಜಲಜನಕ, ಬಿಲ್ಲೆಗಳಿಗೂ ಆಯುಷ್ಯ.

ಆದರೆ ಆ ಅನಿಲವು ಕೊಚ್ಚಿಗೆ ಬರುವುದು ಹಡಗುಗಳಲ್ಲಿ, ಸೊನ್ನೆಗಿಂತ 160 ಡಿಗ್ರಿ ಕೆಳಗೆ ತಣಿಸಿ ದ್ರವವಾಗಿಸಿದ ರೂಪದಲ್ಲಿ. ನಮ್ಮ ದೇಶವು ಬಳಸುವ ನೈಸರ್ಗಿಕ ಅನಿಲದಲ್ಲಿ ಸುಮಾರು ಅರ್ಧವು ಹೀಗೆ ಹೊರನಾಡುಗಳಿಂದ ಬರತಕ್ಕದ್ದು. 2022 ರಲ್ಲಿ ಯುಕ್ರೇನ್ ದೇಶದಲ್ಲಿ ಯುದ್ಧವು ಆರಂಭವಾದಾಗ ಪ್ರಪಂಚದಲ್ಲೆಲ್ಲ ಅನಿಲದ ಬೆಲೆಯೂ ಅದರ ಹಿಂದೆಯೇ ಯೂರಿಯಾದ ಬೆಲೆಯೂ ಏರಿದ್ದಕ್ಕೆ ಕಾರಣವು ಇದೇ. ನಮ್ಮ ರೈತರಿಗೆ ಆ ಬಿಸಿ ತಟ್ಟದಂತೆ ಸರ್ಕಾರವು ಸಹಾಯಧನದ ಮೂಲಕ ವ್ಯತ್ಯಾಸವನ್ನು ಹೊತ್ತಿತು. ಇದು ಸರಿಯಾದ ಕ್ರಮವೇ. ಆದರೂ ಚೀಲದ ಮೇಲೆ ಮುದ್ರಿತವಾದ ಬೆಲೆಯನ್ನು ನೋಡಿ ಯೂರಿಯಾ ಅಗ್ಗವಾದ ವಸ್ತುವೆಂಬ ಭಾವನೆ ಬೇರೂರಿರುವುದನ್ನು ನಾವು ಒಪ್ಪಲಾರೆವು. ಸೌದೆಯ ಲೆಕ್ಕವನ್ನೇ ನೋಡಿರಿ. 45 ಕಿಲೋಗ್ರಾಮಿನ ಒಂದು ಚೀಲ ಯೂರಿಯಾವನ್ನು ತಯಾರಿಸಲು ವೆಚ್ಚವಾಗುವ ಅನಿಲದ ಶಾಖವು, ಮನೆಯ ಅಡಿಗೆಗೆ ಬರುವ 14.2 ಕಿಲೋಗ್ರಾಮಿನ ಒಂದೂವರೆ ಸಿಲಿಂಡರುಗಳ ಶಾಖಕ್ಕೂ ಮಿಗಿಲಾಗಿರುತ್ತದೆ. ಮನೆಯಲ್ಲಿ ತಿಂಗಳುಗಟ್ಟಲೆ ಉರಿಸುವ ಉರಿಯನ್ನು ನಾವು ಒಂದು ಚೀಲದಲ್ಲಿ ತುಂಬಿ ಹೊಲಕ್ಕೆ ಒಯ್ಯುತ್ತಿದ್ದೇವೆ.

ಹೊಲದಲ್ಲಿ ಅದರ ಗತಿಯೇನು? ಬತ್ತದ ಗದ್ದೆಗೆ ಎರಚಿದ ಯೂರಿಯಾದ ಸಾರಜನಕದಲ್ಲಿ ಸಾಮಾನ್ಯವಾಗಿ ನೂರಕ್ಕೆ 30 ರಿಂದ 40 ಪಾಲು ಮಾತ್ರ ಪೈರಿಗೆ ದಕ್ಕುತ್ತದೆ. ಉಳಿದುದರಲ್ಲಿ ಒಂದು ಭಾಗವು ನೀರಿನೊಡನೆ ಬಸಿದುಹೋಗುತ್ತದೆ, ಒಂದು ಭಾಗವು ಮತ್ತೆ ಗಾಳಿಗೆ ಸೇರುತ್ತದೆ. 2015 ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪವನ್ನು ಕಡ್ಡಾಯ ಮಾಡಿರುವುದು ಈ ನಷ್ಟದ ಒಂದಂಶವನ್ನು ತಡೆಯುವುದಕ್ಕಾಗಿ. ಅಮೋನಿಯವು ಮಣ್ಣಿನಲ್ಲಿ ನೈಟ್ರೇಟ್ ಆಗಿ ಬದಲಾಗುವುದನ್ನು ಬೇವು ನಿಧಾನಗೊಳಿಸುತ್ತದೆ. ಆದರೆ ಯೂರಿಯಾವು ಅಮೋನಿಯವಾಗಿ ಒಡೆಯುವ ಮೊದಲ ಹೆಜ್ಜೆಯನ್ನು ಬೇವು ತಡೆಯಲಾರದು. ಆ ಹೆಜ್ಜೆಯನ್ನು ನಡೆಸುವುದು ಮಣ್ಣಿನ ಸೂಕ್ಷ್ಮಜೀವಿಗಳಲ್ಲಿಯೂ ಬೆಳೆಯ ಕೊಳೆಯುವ ಶೇಷಗಳಲ್ಲಿಯೂ ಇರುವ ಯೂರಿಯೇಸ್ ಎಂಬ ಕಿಣ್ವ. 1926 ರಲ್ಲಿ ಜೇಮ್ಸ್ ಸಮ್ನರ್ ಎಂಬ ಅಮೆರಿಕಾದ ವಿದ್ವಾಂಸರು ಇದನ್ನು ಕತ್ತಿ ಅವರೆಯ ಜಾತಿಯ ಕಾಳಿನಿಂದ ಹರಳಾಗಿ ಬೇರ್ಪಡಿಸಿದರು. ಆ ಕಿಣ್ವದೊಳಗೆ ಕುಳಿತು ಕೆಲಸ ಮಾಡುವ ಲೋಹವು ಯಾವುದೆಂಬುದು ಗೊತ್ತಾದದ್ದು 1975 ರಲ್ಲಿ. ಅದು ನಿಕಲ್! ಕುಲುಮೆಯಲ್ಲಿ ಎಂಟುನೂರು ಡಿಗ್ರಿಯ ಕಾವಿನಲ್ಲಿ ಯೂರಿಯಾದ ಹುಟ್ಟಿಗೆ ಕಾರಣವಾದ ಲೋಹವೇ, ಮಣ್ಣಿನ ತಂಪಿನಲ್ಲಿ, ಎರಡೇ ಪರಮಾಣುಗಳಾಗಿ ನಿಂತು ಅದನ್ನು ಬಿಚ್ಚುತ್ತದೆ.

ಈ ಬಿಚ್ಚುವಿಕೆಯು ನೆಲದ ಮೇಲ್ಗಡೆಯೇ ನಡೆದರೆ, ಉಂಟಾದ ಅಮೋನಿಯವು ಬಿಸಿಲಿಗೆ ಎದ್ದು ಗಾಳಿಯಲ್ಲಿ ಹೋಗಿಬಿಡುತ್ತದೆ. ಸುಣ್ಣದ ಅಂಶವುಳ್ಳ ಎರೆ ಭೂಮಿಗಳಲ್ಲಿ ಈ ನಷ್ಟವು ಹೆಚ್ಚು. ಅದೇ ಕ್ರಿಯೆಯು ಎರಡು ಮೂರು ಅಂಗುಲದ ಆಳದಲ್ಲಿ ನಡೆದರೆ ಮಣ್ಣಿನ ಕಣಗಳ ಹೊರಮೈಯು ಅಮೋನಿಯವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಬೆದ್ದಲು ಬೆಳೆಗಳಿಗೆ ಮೇಲುಗೊಬ್ಬರವಾಗಿ ಯೂರಿಯಾ ಕೊಡುವವರು ಅದನ್ನು ಸಾಲಿನ ಪಕ್ಕದಲ್ಲಿ ಹಾಕಿ, ಅದೇ ದಿನ ಕುಂಟೆ ಹೊಡೆದು ಮಣ್ಣು ಮುಚ್ಚತಕ್ಕದ್ದು. ಗದ್ದೆಗಳಲ್ಲಿ ನಿಂತ ನೀರನ್ನು ಮೊದಲು ಬಸಿದು, ಗೊಬ್ಬರ ಕೊಟ್ಟು, ಕಳೆ ಯಂತ್ರವನ್ನು ಆಡಿಸಿ ಕೆಸರಿನಲ್ಲಿ ಬೆರೆಸಿ, ಒಂದು ಎರಡು ದಿನಗಳ ಮೇಲೆ ನೀರು ಕಟ್ಟಬೇಕು. ಇಡೀ ಪ್ರಮಾಣವನ್ನು ಒಂದೇ ಸಲ ಕೊಡದೆ, ನಾಟಿಯ ಕಾಲ, ತೆಂಡೆಯೊಡೆಯುವ ಕಾಲ, ಗರ್ಭಕಟ್ಟುವ ಕಾಲ ಎಂದು ಮೂರು ಕಂತುಗಳಾಗಿ ಹಂಚುವುದು ಉತ್ತಮ. ಗ್ರಾಮದಲ್ಲಿ ಯಾರ ಮಾತಿಗೆ ಬೆಲೆಯುಂಟೋ ಅವರು ತಮ್ಮ ಜಮೀನಿನಲ್ಲಿ ಇದನ್ನು ಈ ಹಂಗಾಮಿನಲ್ಲಿಯೇ ಒಂದು ಎಕರೆಯಷ್ಟರ ಮಟ್ಟಿಗಾದರೂ ಮಾಡಿ, ಪಕ್ಕದ ಎಕರೆಯೊಡನೆ ಇಳುವರಿಯನ್ನು ಹೋಲಿಸಿ, ನೆರೆಹೊರೆಯವರನ್ನು ಕಣಕ್ಕೆ ಕರೆದು ತೋರಿಸಬೇಕೆಂದು ಕೋರುತ್ತೇವೆ.